ಬಂದಾಗಲೇ ಸೀಲ್ ಇರಲಿಲ್ಲ

"ಏ ಸಣ್ಣ ಮಾವ, ನಿಂದ್ರು ನಿಂದ್ರು! ಅದನ್ನ ಹಂಗ ಹಿಡೀಬ್ಯಾಡ!"

ಮಲ್ಲೇಶ ಬೈಕಿಗೆ ಸ್ಟ್ಯಾಂಡನ್ನೂ ಸರಿಯಾಗಿ ಹಾಕದೆ ಓಡಿಬಂದು ಗಡಿಗೆಪ್ಪನ ಕೈ ಹಿಡಿದ. ಗಡಿಗೆಪ್ಪ ಬಾಯಲ್ಲಿ ಸುತಳಿಯ ತುದಿ ಕಚ್ಚಿಕೊಂಡು, ಒಂದು ಸಿನಿಮಾ ಡಿಸ್ಕಿನ ನಡುವಿನ ತೂತಿನಲ್ಲಿ ಅದನ್ನು ಪೋಣಿಸುತ್ತಿದ್ದ. ಸುಣ್ಣ ಮೆತ್ತಿದ ಅವನ ಹೆಬ್ಬೆರಳು ಡಿಸ್ಕಿನ ಹೊಳೆಯುವ ಮೈಮೇಲೆ ಒತ್ತಿಕೊಂಡಿತ್ತು. ಆ ಮೈಯನ್ನು ಬೆರಳಿನಿಂದ ಮುಟ್ಟಿದವರನ್ನು ಅವನ ಅಣ್ಣ ಪಂಪಾಪತಿ ಮತ್ತೆ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಈಗ ಪಂಪಾಪತಿ ಒಳಗೆ ಪಡಸಾಲೆಯಲ್ಲಿ ಗೋಡೆಗೆ ಒರಗಿ, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಎದೆಗೆ ಕಟ್ಟಿದ ಬಟ್ಟೆಯ ಆಧಾರದಲ್ಲಿ ಕುಳಿತಿದ್ದ. ನಿನ್ನೆ ಸಂಜೆ ರಾಯಚೂರಿನ ಆಸ್ಪತ್ರೆಯಲ್ಲಿ ಉಸಿರು ನಿಂತಿತ್ತು. ಮಣ್ಣು ಮಾತ್ರ ಹುಟ್ಟೂರು ಕುರ್ಡಿಯಲ್ಲಿ, ಅಪ್ಪನ ಹೊಲದಲ್ಲೇ ಆಗಬೇಕು ಎಂದು ಮೊದಲೇ ಹೇಳಿಟ್ಟಿದ್ದ.

ಅಂಗಳದಲ್ಲಿ ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಹೆಣ ಕೂರಿಸುವ ಬಿದಿರಿನ ವಿಮಾನ ಎದ್ದು ನಿಂತಿತ್ತು. ನಾಲ್ಕು ಮೂಲೆಗೆ ಬಾಳೆಕಂಬ, ಚೆಂಡುಹೂವಿನ ಮಾಲೆ. ಮಾಲೆಗಳ ನಡುನಡುವೆ ಡಿಸ್ಕುಗಳು ಜೋತಾಡುತ್ತಿದ್ದವು, ಆಗಲೇ ನೂರರ ಮೇಲೆ. ಇನ್ನಷ್ಟು ಗೋಣಿಚೀಲದಲ್ಲಿ ಒಂದಕ್ಕೊಂದು ತಿಕ್ಕಿಕೊಂಡು ಬಿದ್ದಿದ್ದವು.

"ಇವುಗಳ ಡಬ್ಬಿ ಎಲ್ಲವ?" ಎಂದ ಮಲ್ಲೇಶ.

"ಡಬ್ಬಿ ರಾಯಚೂರಾಗೇ ಅವ." ಹೊಸ್ತಿಲಲ್ಲಿ ನಿಂತಿದ್ದ ಪಂಪಾಪತಿಯ ಹೆಂಡತಿ ಮಹಾಂತಮ್ಮ ಹೇಳಿದಳು. ಅತ್ತು ಅತ್ತು ಅವಳ ಕಣ್ಣು ಒಣಗಿದ್ದವು. "ಗಾಡ್ಯಾಗ ಜಾಗ ಇರಲಿಲ್ಲ. ಬರೇ ಬಿಲ್ಲಿ ಅಷ್ಟ ತಂದೀನಿ. ನಾನೇ ಹೇಳೀನಿ ಕಟ್ರಿ ಅಂತ."

"ಅತ್ತೀ, ಗೀರು ಬೀಳ್ತಾವ. ಮಾವ ಇದ್ದಿದ್ರ..."

"ನಿಮ್ಮ ಮಾವ ಇದ್ದಿದ್ರ ನಾ ಯಾಕ ಕಟ್ಟಸ್ತಿದ್ದೆ? ಮೂವತ್ತು ವರ್ಷ ಅವ್ರಿಗಿ ಒಬ್ರಿಗೇ ಹೊಳದಾವು. ಇವತ್ತೊಂದಿನ ಊರಿಗೆಲ್ಲ ಹೊಳೀಲಿ ಬಿಡು."

ಗಡಿಗೆಪ್ಪ ಗೋಣಿಚೀಲದೊಳಗೆ ಕೈಹಾಕಿ ಮತ್ತೊಂದು ತೆಗೆದು ಬಿಸಿಲಿಗೆ ಹಿಡಿದ.

"ಇಲ್ಲಿ ನೋಡ್ ಮಲ್ಲೇಶಿ! ಎಲ್ಲಾ ಬೆಳ್ಳಗ ಅವ, ಇದೊಂದೇ ನೇರಳಿ ಹಣ್ಣಿನ ಬಣ್ಣದ್ದು. ಎಷ್ಟು ಚಂದದ! ಇದನ್ನ ನಟ್ಟನಡುವ, ಅಣ್ಣನ ತಲಿ ಮ್ಯಾಲ ಕಟ್ಟತೀನಿ."

ಮಲ್ಲೇಶ ಹೆಗಲ ಚೀಲವನ್ನು ಕಂಕುಳಿಗೆ ಒತ್ತಿಕೊಂಡ. ಆ ಚೀಲದೊಳಗೆ ಪಂಚೆ, ಟವೆಲು. ಟವೆಲಿನ ಮಡಿಕೆಯಲ್ಲಿ ಇನ್ನೊಂದು ಡಿಸ್ಕು. ಆ ನೇರಳೆಯದರಲ್ಲಿರುವ ಸಿನಿಮಾದ್ದೇ, ಆದರೆ ಬೆಳ್ಳಗಿನದು, ಅಸಲಿಯದು. ಆರು ವರ್ಷದ ಹಿಂದೆ ಅವನು ಕದ್ದದ್ದು. ಬೆಳಿಗ್ಗೆ, ಅತ್ತೆ ಡಿಸ್ಕುಗಳನ್ನೂ ಊರಿಗೆ ತಂದಿದ್ದಾಳೆಂದು ಫೋನಿನಲ್ಲಿ ಕೇಳಿ, ದೇವದುರ್ಗದಿಂದ ಹೊರಡುವಾಗ ಕಪಾಟಿನ ತಳದಿಂದ ಅದನ್ನು ತೆಗೆದುಕೊಂಡಿದ್ದ. ಸತ್ತ ಮನೆಯ ಗದ್ದಲದಲ್ಲಿ ಡಬ್ಬಿಯೊಳಗೆ ಅಸಲಿ ಇಟ್ಟು ನಕಲಿ ತೆಗೆದುಬಿಟ್ಟರೆ ಎಲ್ಲ ಮುಗಿಯಿತು ಎಂದುಕೊಂಡಿದ್ದ. ಈಗ ನೋಡಿದರೆ ಡಬ್ಬಿ ರಾಯಚೂರಿನಲ್ಲಿ, ನಕಲಿ ಮಾವನ ನೆತ್ತಿಯ ಮೇಲೆ.

*

ಪಂಪಾಪತಿ ಶಕ್ತಿನಗರದ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಮೂವತ್ತೆರಡು ವರ್ಷ ಮೀಟರುಗಳ ಮುಳ್ಳು ನೋಡುತ್ತ ಕುಳಿತವನು. ಮುಳ್ಳು ಒಂದು ಗೆರೆ ಆಚೀಚೆಯಾದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಮಕ್ಕಳಿರಲಿಲ್ಲ. ಇಸ್ಪೀಟು ಗೊತ್ತಿರಲಿಲ್ಲ, ಗುಟ್ಕಾ ಹಾಕುತ್ತಿರಲಿಲ್ಲ. ಬಾಯ್ಲರ್ ಕೂರಿಸಲು ಬಂದ ಪರದೇಶದ ಇಂಜಿನಿಯರೊಬ್ಬ ಊರಿಗೆ ಹೋಗುವಾಗ ಒಂದು ಹಳೆಯ ಸಿನಿಮಾದ ಕ್ಯಾಸೆಟ್ ಬಿಟ್ಟುಹೋದ. ಅಲ್ಲಿಂದ ಹಿಡಿಯಿತು ಈ ಹುಚ್ಚು. ಜಪಾನು, ಪೋಲೆಂಡು, ಹಂಗೇರಿ, ಎಲ್ಲಿಯದಾದರೂ ಸರಿ, ಹಳೆಯದಾಗಿರಬೇಕು, ಒಳ್ಳೆಯದಾಗಿರಬೇಕು.

ಆದರೆ ಸಿನಿಮಾ ಸಿಕ್ಕರೆ ಸಾಕೆನ್ನುವ ಆಸಾಮಿಯಲ್ಲ ಅವನು. ಸರಿಯಾದ ಡಿಸ್ಕು ಸಿಗಬೇಕು. ಟಿವಿಗೆ ಹೊಂದಲೆಂದು ಚಿತ್ರದ ಎರಡೂ ಬದಿ ಕತ್ತರಿಸಿದ್ದರೆ ಅವನಿಗೆ ಬೇಡ. ಹನ್ನೊಂದು ನಿಮಿಷ ಕಡಿಮೆಯಿದ್ದರೆ ಬೇಡ. ಹಳೆಯ ರೀಲಿನ ಕಲೆ ಅಳಿಸುವ ಭರದಲ್ಲಿ ಮನುಷ್ಯರ ಮುಖವನ್ನೆಲ್ಲ ಮೇಣದಂತೆ ನುಣ್ಣಗೆ ಮಾಡಿದ್ದರಂತೂ ವಾರಗಟ್ಟಲೆ ಸಿಡಿಮಿಡಿ. ಒಂದೇ ಸಿನಿಮಾವನ್ನು ಮೂರು ದೇಶದವರು ಮೂರು ಬಗೆಯಲ್ಲಿ ತಂದಿದ್ದರೆ ಮೂರನ್ನೂ ತರಿಸಿ, ಒಂದೇ ದೃಶ್ಯವನ್ನು ಮೂರು ಸಲ ಹಾಕಿ, ಕಂಟ್ರೋಲ್ ರೂಮಿನ ಕಣ್ಣಿನಿಂದ ನೋಡುತ್ತಿದ್ದ. ಪರದೇಶದ ಡಿಸ್ಕು ಇಲ್ಲಿಯ ಪ್ಲೇಯರಿನಲ್ಲಿ ಓಡುವುದಿಲ್ಲ ಎಂದಾಗ ಶಕ್ತಿನಗರದ ರೇಡಿಯೊ ಮೆಕ್ಯಾನಿಕ್ಕಿನ ಕೈಲಿ ಪ್ಲೇಯರನ್ನೇ ಬಿಚ್ಚಿಸಿ ಅದರ ಬೀಗ ಮುರಿಸಿದ. ಒಮ್ಮೆ ಯಾವುದೋ ಕಂಪನಿಗೆ, 'ನಿಮ್ಮ ಡಿಸ್ಕಿನಲ್ಲಿ ನಲವತ್ತೇಳನೆಯ ನಿಮಿಷಕ್ಕೆ ಎಡಗಡೆ ನಿಂತ ಮುದುಕಿ ಕಾಣುವುದಿಲ್ಲ, ಆಕೆ ಎಲ್ಲಿ ಹೋದಳು?' ಎಂದು ಪತ್ರ ಬರೆದ. ಅವರು ಉತ್ತರದ ಬದಲು ಒಂದು ಕ್ಯಾಲೆಂಡರ್ ಕಳಿಸಿದರು. ವರ್ಷವಿಡೀ ಅದನ್ನು ಗೋಡೆಗೆ ಹಾಕಿಕೊಂಡು, ಬಂದವರಿಗೆಲ್ಲ ತೋರಿಸಿ ಆ ಕಂಪನಿಯನ್ನು ಬೈದ.

ಇದನ್ನೆಲ್ಲ ಅವನಿಗೆ ಹುಡುಕಿಕೊಡುತ್ತಿದ್ದವನು ಚಾಂದಪಾಷಾ, ರಾಯಚೂರಿನ ಪಕ್ಕದ ಮನೆಯ ಮುನವ್ವರ್ ಬೀಯ ಮಗ. ಅವನಿಗೆ ಮುಂಬೈ ಬಂದರಿನ ಬಳಿ, ಹಡಗಿನವರ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ. ಪಂಪಾಪತಿ ಚೀಟಿಯಲ್ಲಿ ಸಿನಿಮಾದ ಹೆಸರು, ದೇಶ, ಎಷ್ಟು ನಿಮಿಷ ಇರಬೇಕು, ಡಬ್ಬಿಯ ಬೆನ್ನಿನ ನಂಬರು ಎಲ್ಲ ಬರೆದು ಕಳಿಸುತ್ತಿದ್ದ. ಚಾಂದಪಾಷಾ ಆಯಾ ದೇಶದ ಖಲಾಸಿಯನ್ನು ಹುಡುಕಿ, ಅವನ ಇಸ್ತ್ರಿಯಾದ ಅಂಗಿಯ ಜೇಬಿನಲ್ಲಿ ಆ ಚೀಟಿ ಇಡುತ್ತಿದ್ದ. ಹಡಗು ತಿರುಗಿ ಬರಲು ಆರು ತಿಂಗಳೋ ವರ್ಷವೋ. ಆದರೆ ಬರುತ್ತಿತ್ತು. ದೊಡ್ಡ ದೊಡ್ಡ ಊರಿನವರಿಗೂ ಸಿಗದ ಡಿಸ್ಕು ರಾಯಚೂರಿನ ಒಂದು ಓಣಿಗೆ ಒಗೆದ ಬಟ್ಟೆಯ ದಾರಿಯಲ್ಲಿ ಬಂದು ಸೇರುತ್ತಿತ್ತು.

ಭಾನುವಾರ ಮಧ್ಯಾಹ್ನ ಸಿನಿಮಾ. ಮಹಾಂತಮ್ಮ ಅಕ್ಕಿ ಆರಿಸುತ್ತ ಕೂರುವಳು. ಮುನವ್ವರ್ ಬೀ ಹೊಲಿಗೆಯವಳು. ರವಿಕೆಗೆ ಹುಕ್ಕು ಹಚ್ಚುತ್ತ ಕೂರುವಳು. ಶಕ್ತಿನಗರದ ಕ್ವಾರ್ಟರ್ಸು ಬಿಟ್ಟು ರಾಯಚೂರಿಗೆ ಬರುವಾಗ ಕೈಗೂಸಾಗಿದ್ದ, ಮಾವನ ಮನೆಯಲ್ಲೇ ಬೆಳೆದ ಅಕ್ಕನ ಮಗ ಮಲ್ಲೇಶ ಕಿಟಕಿಗೆ ಚಾದರ ಕಟ್ಟುವನು. ಪರದೆಯ ಕೆಳಗಿನ ಇಂಗ್ಲಿಷ್ ಅಕ್ಷರ ಹೆಂಗಸರಿಬ್ಬರಿಗೂ ಬಾರದು. ಪಂಪಾಪತಿ ಪಕ್ಕದಲ್ಲಿ ಕೂತು ಒಂದೊಂದು ಮಾತನ್ನೂ ಕನ್ನಡದಲ್ಲಿ ಆಡಿ ತೋರಿಸುವನು. ಅವನ ಬಾಯಲ್ಲಿ ಪೋಲೆಂಡಿನ ಪಾದ್ರಿ, ಜಪಾನಿನ ಸೇನಾಪತಿ ಎಲ್ಲರೂ ಕುರ್ಡಿಯ ಕಟ್ಟೆಯ ಮೇಲೆ ಕೂತವರ ಹಾಗೇ ಮಾತಾಡುತ್ತಿದ್ದರು.

ಅವುಗಳಲ್ಲಿ ಒಂದು ದೋಣಿಯವಳ ಸಿನಿಮಾ. ಹಿಮದ ನಾಡಿನ ಒಬ್ಬ ಹೆಂಗಸು, ಗಂಡ ಸತ್ತ ಮೇಲೆ ಹೊಳೆಯಲ್ಲಿ ದೋಣಿ ನಡೆಸುತ್ತಾಳೆ. ಕೊನೆಗೆ ಮಗನನ್ನು ಆಚೆ ದಂಡೆಗೆ ಬಿಟ್ಟು, ಅವನು ತಿರುಗಿ ನೋಡದೆ ಹೋದ ಮೇಲೆ, ಒಬ್ಬಳೇ ಈಚೆ ಬಂದು ದೋಣಿ ಕಟ್ಟುತ್ತಾಳೆ. ಆಗ ಅವಳ ಮುಖ ತೋರಿಸುತ್ತಾರೆ. ಹೈದರಾಬಾದಿನ ಸಂತೆಯಲ್ಲಿ ಸಿಕ್ಕ ಪ್ರತಿಯಲ್ಲಿ ಅಲ್ಲಿ ಬರೀ ಕತ್ತಲು.

"ಅಣ್ಣಾ, ಆಕಿ ಅಳಾಕತ್ತಾಳೋ ನಗಾಕತ್ತಾಳೋ?" ಎಂದು ಮುನವ್ವರ್ ಬೀ ಕೇಳಿದ್ದಳು. ಅವಳ ಗಂಡನೂ ಮಗ ಎಂಟು ವರ್ಷದವನಿದ್ದಾಗಲೇ ತೀರಿಕೊಂಡಿದ್ದ.

"ಕಾಣವಲ್ದು ಬೀಬಮ್ಮಾ. ನಿಲ್ಲು, ಛಲೋ ಡಿಸ್ಕ್ ತರಸ್ತೀನಿ. ನೋಡೇ ಬಿಡಮು."

ಅದಕ್ಕೆ ಹದಿನಾಲ್ಕು ವರ್ಷ ಹಿಡಿಯಿತು.

*

"ಆ ಬೀಬಮ್ಮ ಬಂದಿಲ್ಲಲ?" ಎಂದು ಪಡಸಾಲೆಯಲ್ಲಿ ಮೂಕಮ್ಮ ಕೇಳಿದಳು. ಅವಳು ರಾಯಚೂರಿನ ಓಣಿಯವಳು. ರಾತ್ರಿ ಹೆಣದ ಗಾಡಿಯಲ್ಲೇ ಬಂದಿದ್ದಳು. "ಪಕ್ಕದ ಮನ್ಯಾಕಿ. ಗಾಡಿ ಹೊಂಟಾಗ ಬಾಗಲಾಗ ನಿಂತಿದ್ಲು. ಬರ್ರಿ ಅಂತ ಯಾರೂ ಅನಲಿಲ್ಲ ಖರೆ, ತಾನಾರ ಹತ್ತಬೇಕಿಲ್ಲ?"

"ಯಾವ ಮುಖ ಇಟಗೊಂಡು ಹತ್ತತಾಳ?" ಎಂದ ಗಡಿಗೆಪ್ಪ. ಹೂವು ತರಲು ಒಳಗೆ ಬಂದಿದ್ದ. "ಮನಿ ಮಗನಂಗ ಅನ್ನ ತಿಂದು ಮೋಸ ಮಾಡಿದ ಆಕಿ ಮಗ. ಅಣ್ಣ ಅವತ್ತಿಂದ ಒಂದು ಹೊಸಾ ಸಿನಿಮಾ ನೋಡ್ಲಿಲ್ಲ. ಯಾರನ್ನೂ ನಂಬಲಿಲ್ಲ."

"ಆ ಮಂದಿ ಹಂಗೇ ಬಿಡ್ರಿ."

ಮೂಕಮ್ಮ ಇದನ್ನು ಕೆಟ್ಟತನದಿಂದೇನೂ ಹೇಳಲಿಲ್ಲ. ಬಿಸಿಲು ಜಾಸ್ತಿಯಾಯಿತು ಎನ್ನುವಷ್ಟೇ ಸಲೀಸಾಗಿ ಹೇಳಿದಳು. ಆರು ವರ್ಷದ ಹಿಂದೆಯೂ ಓಣಿ ಇಷ್ಟೇ ಸಲೀಸಾಗಿ ನಂಬಿತ್ತು. ಯಾರೂ ಒಂದು ಪ್ರಶ್ನೆ ಕೇಳಿರಲಿಲ್ಲ.

ಮಹಾಂತಮ್ಮ ಗಂಡನ ಮೊಣಕಾಲಿನ ಮೇಲೆ ಕೂತ ನೊಣ ಓಡಿಸುತ್ತಿದ್ದಳು. "ನನಗ ಆಕಿ ಒಬ್ಬಾಕಿ ಇದ್ಲು ಮಾತಾಡಾಕ," ಎಂದಳು, ಯಾರಿಗೆಂದಲ್ಲ. "ಆರು ವರ್ಷ ಆತು. ಗ್ವಾಡಿ ಆಚಿಗಿ ಆಕಿ ಮಿಷನ್ ಸಪ್ಪಳ ಕೇಳ್ತದ. ಇವ್ರು ಮಾತಾಡಬ್ಯಾಡ ಅಂದ್ರು, ನಾ ಬಿಟ್ಟೆ." ಆಮೇಲೆ ತಲೆಯೆತ್ತಿ ಮಲ್ಲೇಶನನ್ನು ನೋಡಿದಳು. "ಮಲ್ಲೇಶಿ, ಖರೇ ಹೇಳು. ಅವತ್ತು ನೀ ಬರೋಬರಿ ನೋಡಿದ್ದಿಲ್ಲ? ಸೀಲ್ ಇರಲಿಲ್ಲಲ?"

ಪಡಸಾಲೆಯಲ್ಲಿ ಭಜನೆಯವರು ಚಹಾಕ್ಕೆಂದು ನಿಲ್ಲಿಸಿದ್ದರು. ಹೇಳುವುದಾದರೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಮಲ್ಲೇಶ ಮಾವನ ಮುಖ ನೋಡಿದ. ಮುಚ್ಚಿದ ರೆಪ್ಪೆಯ ಮೇಲೂ ವಿಭೂತಿ ಬಳಿದಿದ್ದರು. ಇನ್ನು ಆ ಕಣ್ಣು ಏನನ್ನೂ ಹಿಡಿಯುವುದಿಲ್ಲ ಎಂದು ಒಂದು ಕ್ಷಣ ಅವನಿಗೆ ಸಮಾಧಾನವಾಯಿತು. ಆಗಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

"ಇರಲಿಲ್ಲ ಅತ್ತೀ," ಎಂದ.

*

ಆ ವರ್ಷ ಪಂಪಾಪತಿ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ. ಒಂದೂವರೆ ತಿಂಗಳು ಟಿವಿ ಕೂಡದು ಎಂದಿದ್ದರು ಡಾಕ್ಟರು. ಅದೇ ಹೊತ್ತಿಗೆ ದೋಣಿಯವಳು ಬಂದಳು. ಚಾಂದಪಾಷಾ ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ, ನಾಲ್ಕೂ ಕಡೆ ಹೊಲಿದು, ಊರಿಗೆ ಹೊರಟಿದ್ದವನ ಕೈಲಿ ಕೊಟ್ಟು ಕಳಿಸಿದ್ದ. ಮುನವ್ವರ್ ಬೀ ಆ ಗಂಟನ್ನು ಬಿಚ್ಚದೆ ತಂದು ಬಾಗಿಲಲ್ಲಿ ಮಲ್ಲೇಶನಿಗೆ ಕೊಟ್ಟಳು. ಒಳಗಿನಿಂದ, ಹಸಿರು ಬಟ್ಟೆ ಕಟ್ಟಿಕೊಂಡ ಪಂಪಾಪತಿ ಕೂಗಿದ್ದ: "ಮಲ್ಲೇಶಿ, ನೀನೇ ಇಟಗೋ, ದೇವದುರ್ಗಕ್ಕ ಒಯ್ದು ಬಿಡು. ಇಲ್ಲಿದ್ರ ನಾ ಬಟ್ಟಿ ಕಿತ್ತಿ ನೋಡಿಬಿಡ್ತೀನಿ!"

ದೇವದುರ್ಗದ ಕಾಲೇಜಿನಲ್ಲಿ ಮಲ್ಲೇಶ ಅತಿಥಿ ಉಪನ್ಯಾಸಕ. ಬಾಡಿಗೆ ಕೋಣೆಯಲ್ಲಿ ಹೊಲಿಗೆ ಬಿಚ್ಚಿದ. ಡಬ್ಬಿಯ ಮೇಲೆ ತೆಳ್ಳನೆಯ ಪಾರದರ್ಶಕ ಹೊದಿಕೆ. ಅಂಚಿನಲ್ಲಿ ಅಂಟಿಸಿದ ಸೀಲು, ಎಲ್ಲೂ ಹರಿದಿರಲಿಲ್ಲ. ಎರಡು ದಿನ ನೋಡುತ್ತ ಕುಳಿತ. ಹುಟ್ಟಿದಾಗಿನಿಂದ ಅವನು ಎಲ್ಲವನ್ನೂ ಮಾವ ನೋಡಿದ ಮೇಲೆ, ಮಾವ ಹೇಳಿದ ಹಾಗೆ ನೋಡಿದವನು. ಒಮ್ಮೆಯಾದರೂ ತಾನು ಮೊದಲು ನೋಡಬೇಕು ಎನ್ನಿಸಿತು. ಮೂರನೆಯ ದಿನ ಸೀಲು ಒಡೆದ.

ದೋಣಿಯವಳ ಮುಖ ಕಂಡಿತು. ಅವಳು ಅಳುತ್ತಲೂ ಇರಲಿಲ್ಲ, ನಗುತ್ತಲೂ ಇರಲಿಲ್ಲ. ಒದ್ದೆ ಹಗ್ಗಕ್ಕೆ ಗಂಟು ಬೀಳದೆ, ತುಟಿ ಕಚ್ಚಿಕೊಂಡು ಎಳೆಯುತ್ತಿದ್ದಳು, ಅಷ್ಟೆ. ಮಲ್ಲೇಶ ಅದೊಂದನ್ನೇ ಹತ್ತು ಸಲ ನೋಡಿದ. ನೋಡಿದಷ್ಟೂ ಅದನ್ನು ಕೊಡಲು ಮನಸ್ಸಾಗಲಿಲ್ಲ. ಮತ್ತೆ ಎಲ್ಲೂ ಸಿಗದ ಡಿಸ್ಕು ಅದು. ಲ್ಯಾಪ್‌ಟಾಪಿನಲ್ಲಿ ಒಂದು ಖಾಲಿ ಡಿಸ್ಕಿಗೆ ನಕಲು ಇಳಿಸಿ, ಅದನ್ನು ಡಬ್ಬಿಯಲ್ಲಿಟ್ಟ. ಆಪರೇಶನ್ ಆದ ಮುದುಕನ ಕಣ್ಣು, ಏನು ಗೊತ್ತಾಗುತ್ತದೆ ಎಂದುಕೊಂಡ. ಕಳ್ಳತನಕ್ಕಿಂತ ಆ ಮಾತೇ ಹೊಲಸು.

ಪೊರೆ ತೆಗೆದ ಕಣ್ಣಿಗೆ ಮೊದಲಿಗಿಂತ ಚೊಕ್ಕ ಕಂಡಿತು. ಭಾನುವಾರ ಎಲ್ಲರೂ ಕೂತಿದ್ದರು. ಮುನವ್ವರ್ ಬೀ ಆವತ್ತು ಹೊಲಿಗೆ ತಂದಿರಲಿಲ್ಲ, ಬರೀ ನೋಡಲು ಬಂದಿದ್ದಳು; ಮನೆಯಿಂದ ಸೇಮಿಗೆ ಪಾಯಸ ಮಾಡಿ ತಂದಿದ್ದಳು. ಪಂಪಾಪತಿ ಡಬ್ಬಿ ತೆರೆದು, ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ತಿರುವಿದ. ಬಹಳ ಹೊತ್ತು ನೋಡಿದ.

"ಇದು ಕಂಪನಿ ಡಿಸ್ಕ್ ಅಲ್ಲ," ಎಂದ. "ಕಂಪನೀದು ಬೆಳ್ಳಗಿರ್ತದ. ಇದು ಮನ್ಯಾಗ ಕಾಪಿ ಹೊಡದದ್ದು. ಮಲ್ಲೇಶಿ, ಸೀಲ್ ಹ್ಯಾಂಗಿತ್ತು?"

"ಬಂದಾಗಲೇ ಸೀಲ್ ಇರಲಿಲ್ಲ, ಮಾವ."

ಮಾತು ತಾನಾಗಿಯೇ ಬಂತು. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಎಷ್ಟೋ ಭಾನುವಾರಗಳಿದ್ದವು, ತೆಗೆದುಕೊಳ್ಳಲಿಲ್ಲ. ಆದರೂ ಹಾಕಿ ನೋಡಿದರು. ಕೊನೆಯಲ್ಲಿ ದೋಣಿಯವಳ ಮುಖದ ಜಾಗದಲ್ಲಿ ಕಪ್ಪು ಚೌಕಗಳು ಕುಣಿದವು. ಕಡಿಮೆ ಜಾಗಕ್ಕೆ ಹಿಂಡಿ ಇಳಿಸಿದ ನಕಲಿನಲ್ಲಿ ಕತ್ತಲೆಯ ದೃಶ್ಯ ಒಡೆದುಹೋಗಿತ್ತು. ಪಂಪಾಪತಿ ಎದ್ದು ಬಾಗಿಲಿಗೆ ಹೋಗಿ, ಓಣಿ ಕೇಳುವ ಹಾಗೆ ಅಂದ: "ನಿನ್ನ ಮಗ ನಕಲಿ ಕಳಿಸ್ಯಾನ ಬೀಬಮ್ಮಾ. ಅಸಲಿ ಯಾರಿಗಿ ಮಾರಿದ ಕೇಳು. ಹದಿನಾಲ್ಕು ವರ್ಷ ಕಾದೀನಿ ನಾನು!"

ಮುನವ್ವರ್ ಬೀ ಪಾಯಸದ ಡಬರಿಯನ್ನು ಅಲ್ಲೇ ಬಿಟ್ಟು ಹೋದಳು. ನಕಲಿಯನ್ನು ಪಂಪಾಪತಿ ಅದರ ಡಬ್ಬಿಯಲ್ಲೇ ಇಟ್ಟುಕೊಂಡ. ಸಾಕ್ಷಿ ಇರಲಿ ಎಂದ.

*

ಮೂರು ಗಂಟೆಗೆ ವಿಮಾನ ಹೊರಟಿತು. ಹಲಗಿ ಬಾರಿಸುವವರು ಮುಂದೆ, ಭಜನೆಯವರು ಹಿಂದೆ. ಪಂಪಾಪತಿ ಟ್ರಾಲಿಯ ಮೇಲೆ ಕುಳಿತು, ಟ್ರ್ಯಾಕ್ಟರ್ ಕುಲುಕಿದಾಗಲೆಲ್ಲ ತಲೆಯಾಡಿಸುತ್ತ ಸಾಗಿದ. ಡಿಸ್ಕುಗಳು ತಿರುತಿರುಗಿ ಎರಡೂ ಬದಿಯ ಗೋಡೆಗಳ ಮೇಲೆ ಬೆಳಕಿನ ಬಿಲ್ಲೆಗಳನ್ನು ಓಡಿಸಿದವು. ಇಂಥ ಶೃಂಗಾರವನ್ನು ಕುರ್ಡಿ ಕಂಡಿರಲಿಲ್ಲ. ಮುದುಕಿಯರು ಹೊಳಪಿಗೇ ಕೈಮುಗಿದರು. "ದೊಡ್ಡ ಆಫೀಸರ್ ಇದ್ರಂತ," ಎಂದು ಯಾರೋ ಅಂದರು. ನೇರಳೆ ಬಣ್ಣದ್ದು ನೆತ್ತಿಯ ಮೇಲೆ ತಿರುಗುತ್ತಿತ್ತು. ಮಲ್ಲೇಶ ಒದ್ದೆ ಪಂಚೆಯಲ್ಲಿ ಟ್ರಾಲಿಯ ಮುಂದೆ ನಡೆದ. ಮಕ್ಕಳಿಲ್ಲದವನಿಗೆ ಮಗನ ಜಾಗದಲ್ಲಿ ನಿಲ್ಲುವವನು ಅವನೇ ಎಂದು ಮಹಾಂತಮ್ಮ ಹಟ ಹಿಡಿದಿದ್ದಳು. ಹೆಗಲ ಚೀಲವನ್ನು ಅವನು ಆಗಲೂ ಬಿಟ್ಟಿರಲಿಲ್ಲ.

ಹೊಲದಲ್ಲಿ ಗುಂಡಿ ತಯಾರಾಗಿತ್ತು. ಮಠದ ಅಯ್ಯನವರು ವಿಭೂತಿ, ಪತ್ರಿ ಎಲ್ಲ ಸಜ್ಜು ಮಾಡಿಕೊಂಡು ನಿಂತಿದ್ದರು. ಹೆಣ ಇಳಿಸಿದ ಮೇಲೆ ಮಹಾಂತಮ್ಮ ಡಿಸ್ಕುಗಳ ಕಡೆ ಕೈ ತೋರಿಸಿ, "ಅಯ್ಯನೋರೇ, ಇವೂ ಅವ್ರ ಸಂಗಟ ಹೋಗ್ಲಿ," ಎಂದಳು.

"ಬ್ಯಾಡ ಯವ್ವಾ," ಎಂದರು ಅಯ್ಯನವರು. "ಪತ್ರಿ ಮಣ್ಣಾಗ್ತದ, ಮೈ ಮಣ್ಣಾಗ್ತದ. ಇವು ಆಗಂಗಿಲ್ಲ. ತೆಗಸ್ರಿ."

"ನಾ ಬಿಚ್ಚತೀನಿ," ಎಂದು ಮಲ್ಲೇಶ ಮುಂದೆ ಬಂದ. ಅವನ ಆತುರ ಯಾರಿಗೂ ವಿಚಿತ್ರವೆನಿಸಲಿಲ್ಲ. ಮಾವನ ಆಸ್ತಿ ಕಾಪಾಡುತ್ತಾನೆ ಎಂದುಕೊಂಡರು. ಅವನು ಒಬ್ಬನೇ ಟ್ರಾಲಿ ಹತ್ತಿ, ಒಂದೊಂದೇ ಸುತಳಿ ಕೊಯ್ದು, ಬೇವಿನ ಮರದ ಬುಡದಲ್ಲಿ ಹಾಸಿದ ತಾಡಪತ್ರಿಯ ಮೇಲೆ ಗುಡ್ಡೆ ಹಾಕಿದ. ಕೊನೆಗೆ ನೇರಳೆಯದನ್ನು ಕೊಯ್ದು, ಎಲ್ಲರೂ ಗುಂಡಿಯ ಕಡೆ ನೋಡುತ್ತಿದ್ದಾಗ ಚೀಲಕ್ಕೆ ಹಾಕಿಕೊಂಡ. ಟವೆಲಿನ ಮಡಿಕೆಯಿಂದ ಅಸಲಿಯನ್ನು ತೆಗೆದು ಗುಡ್ಡೆಯ ನಡುವೆ ತುರುಕಿದ. ಒಂದು ಗೀರೂ ಬೀಳದ ಹಾಗೆ ಆರು ವರ್ಷ ಕಾದದ್ದು, ಕರ್ ಎಂದು ಉಳಿದವುಗಳ ಮೈಗೆ ಉಜ್ಜಿಕೊಂಡು ಒಳಗಿಳಿಯಿತು.

ಮುಗಿಯಿತು, ಅಂದುಕೊಂಡ. ಸಾಕ್ಷಿಯೂ ಇಲ್ಲ, ಕಂಡುಹಿಡಿಯುವ ಕಣ್ಣೂ ಇಲ್ಲ.

ಮೊದಲ ಹಿಡಿ ಮಣ್ಣು ಮಲ್ಲೇಶ ಹಾಕಿದ. ಉಳಿದವರು ಸಾಲುಗಟ್ಟಿದರು. ಆಗ ಬದುವಿನ ಮೇಲೆ ಯಾರೋ ತಡವರಿಸುತ್ತ ಬರುವುದು ಕಾಣಿಸಿತು. ಮುನವ್ವರ್ ಬೀ. ರಾಯಚೂರಿನಿಂದ ಮಾನ್ವಿಗೆ ಒಂದು ಬಸ್ಸು, ಮಾನ್ವಿಯಿಂದ ಕುರ್ಡಿಗೆ ಇನ್ನೊಂದು. ಬಸ್ಸಿಳಿದು ಹೊಲದವರೆಗೆ ನಡಿಗೆ. ಚಪ್ಪಲಿ ಕೈಯಲ್ಲಿತ್ತು. ಸಾಲಿನಲ್ಲಿದ್ದವರು ತಾವಾಗಿಯೇ ದೂರ ಸರಿದರು.

ಅವಳು ಗುಂಡಿಯ ಅಂಚಿಗೆ ಬಂದು ಒಳಗೆ ನೋಡಿದಳು. ಮುಖದವರೆಗೆ ಇನ್ನೂ ಮಣ್ಣು ಏರಿರಲಿಲ್ಲ.

"ಅಣ್ಣಾ," ಎಂದಳು. "ತಪ್ಪಾಗ್ಯಾದ ಅಣ್ಣಾ. ನನ್ನ ಮಗನ ಸಲುವಾಗಿ ದೋಣ್ಯಾಕಿ ಮುಖ ನೋಡಲಾರದೇ ಹೋದ್ರಿ."

ಯಾರೂ ಇದನ್ನು ನಿರೀಕ್ಷಿಸಿರಲಿಲ್ಲ. ಮಗನ ಪರ ಜಗಳಕ್ಕೆ ಬಂದಿರಬಹುದು ಎಂದೇ ಗಡಿಗೆಪ್ಪ ಸಲಿಕೆ ಬಿಟ್ಟು ಮುಂದೆ ಬಂದಿದ್ದ. ಮಹಾಂತಮ್ಮ ಓಡಿಬಂದು ಅವಳ ತೋಳು ಹಿಡಿದಳು.

"ಬಾರವ್ವಾ. ಆತು ಬಿಡು. ಚಾಂದೂನೂ ತಪ್ಪು ಒಪ್ಪಿಕೊಂಡನೇನು?"

"ಎಲ್ಲಿ ಒಪ್ಪತಾನ ಅಕ್ಕಾ! ಕುರಾನ್ ಮುಟ್ಟಿ ಹೇಳ್ದ, ಸೀಲ್ ಇತ್ತಮ್ಮೀ, ಹಂಗೇ ಹೊಲದು ಕಳಿಸೀನಿ ಅಂತ. ನಾ ನಂಬಲಿಲ್ಲ. ಅಣ್ಣನ ಕಣ್ಣು ತಪ್ಪಂಗಿಲ್ಲ. ಮಲ್ಲೂ ನಾ ಎತ್ತಿ ಆಡಿಸಿದ ಕೂಸು, ಅವನು ಸುಳ್ಳು ಹೇಳಂಗಿಲ್ಲ. ಹಂಗಂದ್ರ ನನ್ನ ಹೊಟ್ಟ್ಯಾಗ ಹುಟ್ಟಿದವನೇ ಸುಳ್ಳ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಖರೇ ಹೇಳೋತನ ಫೋನ್ ಮಾಡಬ್ಯಾಡ ಅಂದೀನಿ. ಮನಿಗಿ ಬರಬ್ಯಾಡ ಅಂದೀನಿ. ಆರು ವರ್ಷ ಆತು ಅಕ್ಕಾ. ಅವನ ಮಗಳಿಗಿ ನಾಕು ವರ್ಷ ಅಂತ, ಫೋಟೋದಾಗ ನೋಡೀನಿ."

ಓಣಿ ನಂಬಿತ್ತು, ಅದು ಮಲ್ಲೇಶನಿಗೆ ಗೊತ್ತಿತ್ತು. ಇವಳೂ ನಂಬಿದ್ದಳು ಎಂಬುದು ಗೊತ್ತಿರಲಿಲ್ಲ. ಗೋಡೆಯ ಆಚೆ ಒಬ್ಬಳು ತಾಯಿ ಮಗನ ಪರವಾಗಿ ತನ್ನನ್ನು ಶಪಿಸುತ್ತಿರಬೇಕು ಎಂದೇ ಇಷ್ಟು ವರ್ಷ ಅಂದುಕೊಂಡಿದ್ದ. ಆ ಶಾಪ ಅವನಿಗೆ ಒಂದು ಬಗೆಯಲ್ಲಿ ಲೆಕ್ಕ ಸರಿಹೋದಂತೆ ಅನಿಸುತ್ತಿತ್ತು. ಇಲ್ಲಿ ಶಾಪವೂ ಇರಲಿಲ್ಲ.

ಮುನವ್ವರ್ ಬೀ ಅವನ ಕಡೆ ತಿರುಗಿದಳು.

"ಮಲ್ಲೂ, ಬೇಟಾ. ನಮ್ಮಲ್ಲಿ ಒಂದು ಮಾತದ. ಸತ್ತವ್ರಿಗಿ ತಪ್ಪು ಮಾಡಿದ್ದಿದ್ರ, ಅವ್ರ ವಾರಸದಾರ ಮಾಫ್ ಮಾಡಬೇಕು. ಮಣ್ಣು ಮುಚ್ಚೂದರಾಗ ಅಂದಬಿಟ್ರ ಛಲೋ. ಅವನು ಒಪ್ಪದಿದ್ರೇನಾತು, ಅವನ ಕಡಿಂದ ನಾ ಕೇಳ್ತೀನಿ. ಅಣ್ಣನ ಕಡಿಂದ ನೀ ಮಾಫ್ ಅಂದುಬಿಡು."

ಅವಳು ಎರಡೂ ಕೈ ಚಾಚಿ ಸೆರಗು ಒಡ್ಡಿದಳು. ಅರವತ್ತೈದರ ಹೆಂಗಸು, ಅವನಿಗೆ ಚಡ್ಡಿ ಹೊಲಿದುಕೊಟ್ಟವಳು.

"ಖಾಲಾ..." ಎಂದ ಮಲ್ಲೇಶ. ಮುಂದೆ ಬರಲಿಲ್ಲ. ಆ ಒಂದು ಕ್ಷಣ ಅವನು ಹೇಳಿಯೇಬಿಡುತ್ತಿದ್ದನೇನೋ. ಅವನ ಕೈ ಚೀಲದ ಬಾಯಿಗೆ ಹೋಗಿತ್ತು. ಆದರೆ ಸುತ್ತ ನಿಂತವರು ಆ ಮೌನವನ್ನು ಬೇರೆಯೇ ಓದಿಕೊಂಡರು.

"ಅನ್ನೋ ಮಲ್ಲೇಶಿ," ಎಂದಳು ಮಹಾಂತಮ್ಮ. "ದೊಡ್ಡ ಮನಸ್ಸು ಮಾಡು."

"ಆದದ್ದಾತು ತಮ್ಮಾ," ಎಂದ ಗಡಿಗೆಪ್ಪ. "ಮುದುಕಿ ಅಷ್ಟು ದೂರದಿಂದ ಬಂದಾಳ. ಸಿಟ್ಟು ಬಿಡು."

ಅಯ್ಯನವರೂ ತಲೆಯಾಡಿಸಿದರು. ಎಲ್ಲರೂ ಅವನ ದೊಡ್ಡ ಮನಸ್ಸಿಗಾಗಿ ಕಾಯುತ್ತ ನಿಂತರು.

"ಮಾಫ್ ಆಗ್ಯಾದ ಖಾಲಾ," ಎಂದ ಮಲ್ಲೇಶ.

ಮುನವ್ವರ್ ಬೀ ಅವನ ಮಣ್ಣಾದ ಕೈಯನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ಮಾವನಂಗೇ ಅದಾನ, ದೊಡ್ಡ ಗುಣ," ಎಂದು ಮೂಕಮ್ಮ ಪಕ್ಕದವಳಿಗೆ ಹೇಳಿದ್ದು ಅವನಿಗೂ ಕೇಳಿಸಿತು. ಮುನವ್ವರ್ ಬೀ ಬಗ್ಗಿ ಮೂರು ಹಿಡಿ ಮಣ್ಣು ಹಾಕಿದಳು. ಯಾರೂ ಬೇಡವೆನ್ನಲಿಲ್ಲ. ಗುಂಡಿ ಮುಚ್ಚಿ, ಮೇಲೆ ಮಣ್ಣು ಏರಿಸಿ, ಭಜನೆಯವರು ಮತ್ತೆ ತಾಳ ಹಿಡಿದರು.

ಅವಳ ಮುಖದಲ್ಲಿ ಈಗ ಎಷ್ಟೋ ವರ್ಷದ ಭಾರ ಇಳಿದಿತ್ತು. ಸೊಂಟದಿಂದ ಸಣ್ಣ ಬಟನ್ ಫೋನು ತೆಗೆದು ಮಲ್ಲೇಶನ ಕೈಗಿಟ್ಟಳು.

"ಇದರಾಗ ಅವನ ನಂಬರ್ ಅದ, ತೆಗದಿಲ್ಲ ನಾನು. ನನ್ನ ಕಣ್ಣಿಗಿ ಕಾಣಂಗಿಲ್ಲ. ಹಚ್ಚಿಕೊಡು ಬೇಟಾ. ನೀನೇ ಹೇಳು ಮಾಫ್ ಮಾಡ್ಯಾರಂತ. ನಾ ಹೇಳಿದ್ರ ನಂಬಂಗಿಲ್ಲ, ನೀ ಹೇಳಿದ್ರ ನಂಬತಾನ."

ಎಲ್ಲರೂ ನೋಡುತ್ತಿದ್ದರು. ಮಲ್ಲೇಶ ನಂಬರು ಒತ್ತಿದ. ಎರಡನೆಯ ರಿಂಗಿಗೇ ಎತ್ತಿದರು.

"ಅಮ್ಮೀ?" ಎಂದಿತು ಆ ಕಡೆಯ ದನಿ. "ಅಮ್ಮೀ! ನೀನೇನಮ್ಮೀ? ಆರಾಮದಿ ಇಲ್ಲ?" ಹಿಂದೆ ಬಟ್ಟೆ ಒಗೆಯುವ ಯಂತ್ರದ ಸದ್ದಿತ್ತು.

"ಚಾಂದೂ... ನಾನು, ಮಲ್ಲೇಶ. ಕುರ್ಡಿಯಿಂದ. ಮಾವ ಹೋದ್ರು. ಖಾಲಾ ಇಲ್ಲೇ ಅದಾಳ. ನಿನ್ನ... ನಿನ್ನ ಮಾಫ್ ಮಾಡ್ಯಾರ ಅಂತ ಹೇಳು ಅಂದ್ಲು."

ಆ ಕಡೆ ಯಂತ್ರ ಆರಿಸಿದ ಸದ್ದಾಯಿತು.

"ನಾ ಏನ್ ಮಾಡೀನಿ ಅಂತ ಮಾಫಿ ಮಲ್ಲೇಶಣ್ಣಾ?" ಎಂದ ಚಾಂದಪಾಷಾ. ಜಗಳದ ದನಿಯಲ್ಲ. ನಿಜವಾಗಿಯೂ ಕೇಳುವವನ ಹಾಗೆ ಕೇಳಿ, ಉತ್ತರಕ್ಕೆ ಕಾದು, ಸಿಗದೆ, ಫೋನು ಕಟ್ ಮಾಡಿದ.

"ಏನಂದ? ಏನಂದ ಬೇಟಾ?"

"ಖುಷಿ ಆತಂತ, ಖಾಲಾ."

"ಹೌದಾ!" ಮುನವ್ವರ್ ಬೀ ಅವನ ಕೈಯಿಂದ ಫೋನು ಕಸಿದುಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ಕಿವಿಗೆ ಒತ್ತಿ ಹಿಡಿದಳು. "ಚಾಂದೂ? ಮಾತಾಡೋ ಚಾಂದೂ." ಸ್ವಲ್ಪ ಹೊತ್ತು ಕೇಳಿಸಿಕೊಂಡು, ಸುತ್ತ ನಿಂತವರ ಕಡೆ ನಕ್ಕಳು. "ಅಳಾಕತ್ತಾನ ಕಾಣ್ತದ, ಮಾತು ಬರವಲ್ದು." ಆಮೇಲೆ ಇನ್ನೊಂದು ಕೈಯೆತ್ತಿ, ಸ್ವಲ್ಪ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಭಜನೆಯವರು ತಾಳ ನಿಲ್ಲಿಸಿದರು.